ರಥದ ಆವರಣವೂ ಮೋಟಾರು ಗಾಡಿಯ ಒಳಹೊದಿಕೆಯೂ: ಸಾಮಗ್ರಿ, ಸಂಜ್ಞೆ, ಪೇಟೆಯ ಮುನ್ನೋಟ

೧. ವಿಷಯಪ್ರವೇಶ

ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯ ಎರಡನೆಯ ಪಾದದಲ್ಲಿ ಮೂರು ಸೂತ್ರಗಳು (೪-೨-೧೦ರಿಂದ ೧೨ರ ವರೆಗೆ) ರಥದ ಹೊದಿಕೆಗೆಂದೇ ಮೀಸಲಾಗಿವೆ. ಬಟ್ಟೆಯಿಂದ ಸುತ್ತಲೂ ಹೊದಿಸಿದ ರಥವು ‘ವಾಸ್ತ್ರ’. ಕಂಬಳಿಯಿಂದ ಹೊದಿಸಿದುದು ‘ಕಾಂಬಲ’. ತೊಗಲಿನಿಂದ ಹೊದಿಸಿದುದು ‘ಚಾರ್ಮಣ’. ಪಾಂಡುಕಂಬಲವೆಂಬ ಬೆಲೆಯುಳ್ಳ ಕಂಬಳಿಯಿಂದ ಹೊದಿಸಿದುದು ‘ಪಾಂಡುಕಂಬಲೀ’. ಚಿರತೆಯ ತೊಗಲಿನದು ‘ದ್ವೈಪ’. ಹುಲಿಯ ತೊಗಲಿನದು ‘ವೈಯಾಘ್ರ’. ಅಮರಸಿಂಹನೂ ಕ್ಷತ್ರಿಯವರ್ಗದಲ್ಲಿ ಈ ಜಾತಿಯ ಶಬ್ದಗಳನ್ನು ಸಂಗ್ರಹಿಸಿದ್ದಾನೆ. ಮಹಾಭಾರತದಲ್ಲಿ ವ್ಯಾಘ್ರಚರ್ಮದಿಂದ ಪರಿವೃತವಾದ ರಥಗಳ ಉಲ್ಲೇಖವುಂಟು. ಪಾಂಡುಕಂಬಲವನ್ನು ರಾಜಯೋಗ್ಯವಾದ ಹಾಸೆಂದು ಕಾಶಿಕಾವೃತ್ತಿಯು ವಿವರಿಸುತ್ತದೆ. ಗಾಂಧಾರದ ಕಂಬಳಿಗಳ ಕೀರ್ತಿಯು ಜಾತಕಕಥೆಗಳಲ್ಲಿಯೂ ಕಾಣಿಸುತ್ತದೆ. ಅಂದಮೇಲೆ ದೂರದೇಶದಿಂದ ತರಿಸಿದ ಹೊದಿಕೆಯಿಂದ ವಾಹನಕ್ಕೆ ಬೆಲೆಯೂ ಹೆಸರೂ ಬರುವ ಪದ್ಧತಿಯು ಈ ದೇಶಕ್ಕೆ ಹೊಸದಲ್ಲವೆಂಬುದು ಸ್ಪಷ್ಟ.

ಇಲ್ಲಿ ಗಮನಿಸತಕ್ಕ ಅಂಶ ಮತ್ತೊಂದುಂಟು. ‘ಪರಿವೃತ’ವೆಂದರೆ ಸುತ್ತಲೂ ಆವರಿಸಲ್ಪಟ್ಟದ್ದು ಎಂದು ವೃತ್ತಿಕಾರರು ಅರ್ಥವನ್ನು ನಿಯಮಿಸಿದ್ದಾರೆ. ಶಿಷ್ಯರಿಂದ ಸುತ್ತುವರಿಯಲ್ಪಟ್ಟ ರಥಕ್ಕೆ ಈ ಪ್ರತ್ಯಯವು ಬಾರದು. ಬಟ್ಟೆಯಿಂದ ಸುತ್ತಿದ ದೇಹಕ್ಕೂ ಬಾರದು. ಯಾವುದು ಹೊದಿಕೆ, ಯಾವುದು ಅಲ್ಲ. ಹೊದಿಕೆಯು ಗಾಡಿಯ ಅಂಗವೆ, ಅದರ ಮೇಲೆ ಇಟ್ಟ ಬೇರೊಂದು ವಸ್ತುವೆ? ವೈಯಾಕರಣರು ಎತ್ತಿದ ಈ ಪ್ರಶ್ನೆಯೇ ಇಂದು ಸುಂಕದ ಅಧಿಕಾರಿಗಳ ಮುಂದೆಯೂ ನ್ಯಾಯಾಲಯಗಳ ಮುಂದೆಯೂ ಬಂದು ನಿಂತಿದೆ. ಮೋಟಾರು ಗಾಡಿಯ ಒಳಹೊದಿಕೆಯ ವ್ಯಾಪಾರವನ್ನು ಶಬ್ದಾರ್ಥವಿಚಾರದೊಡನೆ ಕೂಡಿಸಿ ನೋಡುವುದು ಈ ಕಾರಣದಿಂದ ಅಸಂಗತವಾಗಲಾರದು. ಒಳಹೊದಿಕೆಯ ಅಂಗಗಳು, ಅವುಗಳ ಸಾಮಗ್ರಿಯ ಚರಿತ್ರೆ, ಹೆಸರಿನ ವಿವಾದಗಳು, ಪೇಟೆಯ ಮುಂದಿನ ಗತಿ, ಅದರಲ್ಲಿ ಕನ್ನಡ ನಾಡಿನ ಪಾಲು ಎಂಬೀ ಐದು ವಿಷಯಗಳು ಕ್ರಮವಾಗಿ ಮುಂದೆ ವಿವೇಚಿಸಲ್ಪಡುವುವು.

೨. ಅಂಗಗಳು

ಗಾಡಿಯ ಒಳಗೆ ಕುಳಿತವನ ಕಣ್ಣಿಗೆ ಕಾಣುವ, ಕೈಗೆ ತಾಗುವ ಭಾಗಗಳೆಲ್ಲವೂ ಒಳಹೊದಿಕೆ ಎಂಬ ಒಂದೇ ಮಾತಿನಲ್ಲಿ ಅಡಗುತ್ತವೆ. ನೆಲದ ಹಾಸು, ಕೂರುವ ಗಾದಿಯೂ ಒರಗೂ, ಬಾಗಿಲ ಒಳಹಲಗೆ, ತಲೆಯ ಮೇಲಣ ಮೇಲ್ಕಟ್ಟು, ಕಂಬಗಳ ಮುಚ್ಚಿಕೆ, ಮುಂದಣ ಫಲಕ ಎಂದು ಇವನ್ನು ಆರಾಗಿ ಎಣಿಸಬಹುದು. ಇವುಗಳಲ್ಲಿ ಕಡೆಯದಕ್ಕೆ ಜನರು ಡ್ಯಾಷ್‌ಬೋರ್ಡು ಎನ್ನುತ್ತಾರೆ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸಾರಥಿಯ ಮೇಲೆ ಬೀಳದಂತೆ ಸಾರೋಟಿನ ಮುಂದುಗಡೆ ನಿಲ್ಲಿಸುತ್ತಿದ್ದ ಹಲಗೆಗೆ ಈ ಹೆಸರಿದ್ದಿತು. ಕುದುರೆ ಹೋಯಿತು, ಕೆಸರು ಹೊರಗುಳಿಯಿತು, ಹೆಸರು ಮಾತ್ರ ಉಳಿಯಿತು. ಯೋಗಾರ್ಥವು ನಷ್ಟವಾಗಿ ರೂಢಿಯೊಂದೇ ನಿಲ್ಲುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಪ್ರತಿಯೊಂದು ಅಂಗದಲ್ಲಿಯೂ ಮೂರು ಪದರಗಳಿರುತ್ತವೆ. ಆಕಾರವನ್ನು ಹಿಡಿದಿಡುವ ಗಟ್ಟಿಯಾದ ಒಡಲು ಮೊದಲನೆಯದು. ಮೆತ್ತನೆಯ ತುಂಬು ಎರಡನೆಯದು. ಮೇಲಣ ತೊಗಲು ಅಥವಾ ಬಟ್ಟೆ ಮೂರನೆಯದು. ಗಾಡಿಯ ದರ್ಜೆ ಇಳಿದಂತೆ ಎರಡನೆಯ ಪದರವು ತೆಳುವಾಗುತ್ತ ಬಂದು, ಕಡೆಗೆ ಒಡಲೇ ಮೇಲ್ಮೈಯೂ ಆಗಿಬಿಡುತ್ತದೆ. ಅಗ್ಗದ ಗಾಡಿಯ ಬಾಗಿಲ ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಗಡುಸಾದ ಸದ್ದು ಬರುವುದು ಇದೇ ಕಾರಣದಿಂದ.

೩. ಸಾಮಗ್ರಿಯ ಚರಿತ್ರೆ

ಕಾರ್ಲ್ ಬೆನ್ಜ್ ತನ್ನ ಮೋಟಾರು ಗಾಡಿಗೆ ಹಕ್ಕುಪತ್ರವನ್ನು ಪಡೆದುದು ೧೮೮೬ರಲ್ಲಿ. ಆಗಿನ ಗಾಡಿಗಳ ಒಳಗೆಲಸವು ಸಾರೋಟು ಕಟ್ಟುವವರ ಕೈಯಲ್ಲಿತ್ತು. ಮರದ ಚೌಕಟ್ಟು, ಉಕ್ಕಿನ ಸುರುಳಿಗಳು, ಅವುಗಳ ಮೇಲೆ ಕುದುರೆಯ ಕೂದಲಿನ ತುಂಬು, ಎಲ್ಲಕ್ಕೂ ಮೇಲೆ ತೊಗಲು ಅಥವಾ ಉಣ್ಣೆಯ ಬಟ್ಟೆ: ಇದು ಪದ್ಧತಿ. ಸಾರಥಿಯು ಬಿಸಿಲು ಮಳೆಗಳಿಗೆ ಒಡ್ಡಿಕೊಂಡು ಕೂಡಬೇಕಾಗಿದ್ದುದರಿಂದ ಅವನ ಗಾದಿಗೆ ತೊಗಲು. ಮುಚ್ಚಿದ ಹಿಂಭಾಗದಲ್ಲಿ ಕೂರುವ ಒಡೆಯನಿಗೆ ಮೃದುವಾದ ಉಣ್ಣೆಬಟ್ಟೆ. ಇಂದು ತೊಗಲೇ ಸಿರಿವಂತಿಕೆಯ ಗುರುತಾಗಿರುವುದನ್ನು ಕಂಡವರಿಗೆ ಈ ಹಳೆಯ ಕ್ರಮವು ತಲೆಕೆಳಗಾಗಿ ತೋರಬಹುದು. ವಸ್ತುವಿನ ಗೌರವವು ಅದರ ಸ್ವಭಾವದಲ್ಲಿಲ್ಲ, ಅದನ್ನು ಯಾರಿಗೆ ಹಾಸಿದರೆಂಬುದರಲ್ಲಿದೆ ಎಂಬ ಮಾತಿಗೆ ಇದು ಸಾಕ್ಷಿ.

೧೯೨೦ರ ದಶಕದಲ್ಲಿ ಅಮೆರಿಕಾ ದೇಶದಲ್ಲಿ ಮುಚ್ಚುಗಾಡಿಗಳು ತೆರೆದ ಗಾಡಿಗಳನ್ನು ಹಿಂದಕ್ಕೆ ಹಾಕಿದುವು. ಬಟ್ಟೆಯ ಬಳಕೆ ಅದರಿಂದ ಬೆಳೆಯಿತು. ಅದೇ ಕಾಲದಲ್ಲಿ, ಬಟ್ಟೆಯ ಮೇಲೆ ಲೇಪವನ್ನು ಹಚ್ಚಿ ತೊಗಲಿನಂತೆ ಕಾಣಿಸುವ ಪದಾರ್ಥಗಳು ಅಗ್ಗದ ಗಾಡಿಗಳಿಗೆ ಬಂದುವು. ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಅಂಥ ಒಂದು ಸರಕಿನ ಹೆಸರು ರೆಕ್ಸಿನ್. ಆ ಹೆಸರು ಇಂದು ಕನ್ನಡ ನಾಡಿನ ಹಳ್ಳಿ ಹಳ್ಳಿಗಳಲ್ಲಿ ಕೃತಕವಾದ ತೊಗಲಿಗೆಲ್ಲ ಸಾಮಾನ್ಯ ನಾಮವಾಗಿ ನಿಂತಿದೆ. ೧೯೨೬ರಲ್ಲಿ ವಾಲ್ಡೋ ಸೆಮನ್ ಪಾಲಿವಿನೈಲ್ ಕ್ಲೋರೈಡನ್ನು ಮೆತ್ತಗಾಗಿಸುವ ಕ್ರಮವನ್ನು ಕಂಡುಹಿಡಿದನು. ಜರ್ಮನಿಯಲ್ಲಿ ಆಟ್ಟೊ ಬೇಯರ್ ೧೯೩೭ರಲ್ಲಿ ಪಾಲಿಯುರೆಥೇನನ್ನು ಕಂಡುಹಿಡಿದನು; ೧೯೫೦ರ ದಶಕದಿಂದ ಅದರ ನೊರೆಯು ಕುದುರೆಯ ಕೂದಲಿಗೂ ರಬ್ಬರಿನ ನೊರೆಗೂ ಬದಲಾಗಿ ಗಾದಿಯೊಳಗೆ ಸೇರಿತು. ೧೯೫೪ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಸಿದ್ಧಗೊಳಿಸಿದ ಪಾಲಿಪ್ರೊಪಿಲೀನು ಹಗುರವಾದುದು, ಅಗ್ಗವಾದುದು, ಅಚ್ಚಿಗೆ ಸುಲಭವಾದುದು. ಬಾಗಿಲ ಹಲಗೆ, ಮುಂದಣ ಫಲಕ, ಕಂಬದ ಮುಚ್ಚಿಕೆಗಳ ಒಡಲು ಇಂದು ಬಹುಮಟ್ಟಿಗೆ ಇದರದೇ. ೧೯೭೦ರಲ್ಲಿ ಜಪಾನಿನ ಮಿಯೋಷಿ ಒಕಾಮೋಟೊ ಅತಿ ಸೂಕ್ಷ್ಮವಾದ ಎಳೆಗಳಿಂದ, ಉಜ್ಜಿದ ಮೃದುಚರ್ಮದಂತೆ ಕಾಣುವ ವಸ್ತ್ರವೊಂದನ್ನು ನಿರ್ಮಿಸಿದನು. ಇಟಲಿಯಲ್ಲಿ ಅಲ್ಕಾಂತಾರ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು.

ಭಾರತದಲ್ಲಿ ಅಂಬಾಸಡರ್ ಗಾಡಿಯ ರೆಕ್ಸಿನ್ ಗಾದಿಯೂ, ಸರಕಾರಿ ಗಾಡಿಗಳಲ್ಲಿ ಅದರ ಮೇಲೆ ಹೊದಿಸುತ್ತಿದ್ದ ಬಿಳಿಯ ಬಟ್ಟೆಯೂ ಬಹುಕಾಲ ಜನರ ಕಣ್ಣಿಗೆ ಪರಿಚಿತವಾಗಿದ್ದುವು. ಆ ಗಾಡಿಯ ತಯಾರಿಕೆ ೨೦೧೪ರಲ್ಲಿ ನಿಂತಿತು. ೧೯೮೩ರ ಕೊನೆಯಲ್ಲಿ ಮಾರುತಿ ೮೦೦ ಬಂದ ಮೇಲೆ, ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕು, ನೊರೆಯ ಗಾದಿ, ನೆಯ್ದ ಬಟ್ಟೆಗಳ ಹೊಸ ಪದ್ಧತಿ ಈ ದೇಶದಲ್ಲಿ ಬೇರೂರಿತು. ೧೯೮೬ರಲ್ಲಿ ಹುಟ್ಟಿದ ಭಾರತ್ ಸೀಟ್ಸ್ ಮೊದಲಾದ ಸಂಸ್ಥೆಗಳು ಈ ಬೇಡಿಕೆಯ ಫಲ.

ಸೌಂದರ್ಯದೊಡನೆ ರಕ್ಷಣೆಯೂ ಹೊದಿಕೆಯ ಧರ್ಮವಾಗಿ ಸೇರಿಕೊಂಡುದು ಈಚಿನ ಕಾಲದ ವಿಶೇಷ. ಅಮೆರಿಕಾದಲ್ಲಿ ೧೯೭೨ರಿಂದ ಜಾರಿಗೆ ಬಂದ ನಿಯಮದಂತೆ ಒಳಹೊದಿಕೆಯ ಪದಾರ್ಥಕ್ಕೆ ಉರಿ ತಗುಲಿದರೆ ಅದು ನಿಮಿಷಕ್ಕೆ ೧೦೨ ಮಿಲಿಮೀಟರಿಗಿಂತ ಹೆಚ್ಚಾಗಿ ಹರಡಕೂಡದು. ಭಾರತದಲ್ಲಿಯೂ ಇದಕ್ಕೆ ಸಮಾನವಾದ ಮಾನಕವುಂಟು. ಡಿಕ್ಕಿಯಾದಾಗ ಉಬ್ಬುವ ಗಾಳಿಚೀಲವು ಭಾರತದಲ್ಲಿ ಚಾಲಕನಿಗೆ ೨೦೧೯ರಿಂದಲೂ ಅವನ ಪಕ್ಕದವನಿಗೆ ೨೦೨೧ರಿಂದಲೂ ಕಡ್ಡಾಯವಾಗಿದೆ. ಅದರ ಮುಚ್ಚಳವು ಎಂದಿಗೂ ಹರಿಯದಂತೆ ಗಟ್ಟಿಯಾಗಿಯೂ, ಬೇಕಾದ ಒಂದು ಕ್ಷಣದಲ್ಲಿ ನಿಯತವಾದ ರೇಖೆಯಲ್ಲಿ ಹರಿಯುವಂತೆಯೂ ಇರಬೇಕು. ಚೀನಾದೇಶವು ೨೦೧೧ರಲ್ಲಿ ಗಾಡಿಯೊಳಗಿನ ಗಾಳಿಯ ಶುದ್ಧಿಗೆ ಮಾನಕವನ್ನು ಏರ್ಪಡಿಸಿತು. ಹೊಸ ಗಾಡಿಯ ವಾಸನೆಯೆಂದು ಹಲವರು ಮೆಚ್ಚುವುದು ಅಂಟು, ನೊರೆ, ಲೇಪಗಳಿಂದ ಹೊರಡುವ ಆವಿಯೆಂಬುದು ಅದಕ್ಕೆ ಕಾರಣ.

೪. ಸಂಜ್ಞೆಯೂ ಸುಂಕವೂ

ಈ ಸರಕುಗಳ ಬೆಲೆಯನ್ನು ಪದಾರ್ಥವು ಎಷ್ಟುಮಟ್ಟಿಗೆ ನಿರ್ಣಯಿಸುತ್ತದೆಯೋ ಹೆಸರೂ ಅಷ್ಟೇ ನಿರ್ಣಯಿಸುತ್ತದೆ. ಮೂರು ನಿದರ್ಶನಗಳು ಇದಕ್ಕೆ ಸಾಕು.

ಮೊದಲನೆಯದು ನೆಲಹಾಸಿನ ವ್ಯಾಜ್ಯ. ಕಾರಿನ ಅಳತೆಗೆ ಕತ್ತರಿಸಿ ಸಿದ್ಧಪಡಿಸಿದ ಹಾಸು ಜಮಖಾನೆಯ ಜಾತಿಯದೆ, ಅಥವಾ ಮೋಟಾರು ಗಾಡಿಯ ಉಪಾಂಗವೆ ಎಂಬುದು ಪ್ರಶ್ನೆ. ಆಗ ಹಾಸಿನ ವರ್ಗಕ್ಕೆ ಅಬಕಾರಿ ಸುಂಕ ಕಡಿಮೆಯಾಗಿತ್ತು, ಉಪಾಂಗದ ವರ್ಗಕ್ಕೆ ಹೆಚ್ಚಾಗಿತ್ತು. ಲೋಕದಲ್ಲಿ ಯಾರೂ ಇದನ್ನು ಜಮಖಾನೆಯೆನ್ನುವುದಿಲ್ಲ. ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿಯೇ ಇದು ದೊರೆಯುತ್ತದೆ. ಆದುದರಿಂದ ಇದು ಗಾಡಿಯ ಉಪಾಂಗವೆಂದು ಇಲಾಖೆಯ ವಾದ. ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೨೦ರ ಮೇ ತಿಂಗಳಲ್ಲಿ ಈ ವಾದವನ್ನು ಒಪ್ಪದೆ, ಅದು ಜವಳಿಯ ನೆಲಹಾಸಿನ ವರ್ಗಕ್ಕೆ ಸೇರಿದುದೆಂದು ತೀರ್ಮಾನಿಸಿತು. ಸುಂಕದ ಪಟ್ಟಿಯೂ ಅದರ ಅಂತರರಾಷ್ಟ್ರೀಯ ವಿವರಣೆಯೂ ಒಂದು ವಸ್ತುವನ್ನು ನಿರ್ದಿಷ್ಟವಾಗಿ ಒಂದು ವರ್ಗದಲ್ಲಿ ಇರಿಸಿರುವಾಗ ಲೋಕವ್ಯವಹಾರದ ಅರ್ಥಕ್ಕೆ ಅಲ್ಲಿ ಅವಕಾಶವಿಲ್ಲವೆಂಬುದು ತೀರ್ಪಿನ ಸಾರ. ಶಾಸ್ತ್ರದೊಳಗೆ ಪಾರಿಭಾಷಿಕವಾದ ಸಂಜ್ಞೆಯಿರುವಲ್ಲಿ ಲೌಕಿಕಾರ್ಥವು ಹಿಂದೆ ಸರಿಯುತ್ತದೆಂಬುದು ವ್ಯಾಕರಣವನ್ನು ಓದಿದವರಿಗೆ ಹೊಸ ಮಾತಲ್ಲ. ‘ವೃದ್ಧಿ’ ಎಂದರೆ ಲೋಕಕ್ಕೆ ಬೆಳವಣಿಗೆ. ಪಾಣಿನೀಯರಿಗೆ ಆ, ಐ, ಔ ಎಂಬ ಮೂರು ವರ್ಣಗಳು.

ಎರಡನೆಯದು ಆಸನದ ಪ್ರಶ್ನೆ. ಸುಂಕದ ಪಟ್ಟಿಯಲ್ಲಿ ಕಾರಿನ ಆಸನವು ಮೇಜು ಕುರ್ಚಿಗಳ ಅಧ್ಯಾಯದಲ್ಲಿದೆ. ಮೋಟಾರು ಸೈಕಲ್ಲಿನ ಆಸನವು ವಾಹನದ ಭಾಗಗಳೊಡನೆ ಇದೆ. ಇದರಿಂದ ಮೊದಲನೆಯದಕ್ಕೆ ನೂರಕ್ಕೆ ೧೮, ಎರಡನೆಯದಕ್ಕೆ ನೂರಕ್ಕೆ ೨೮ ತೆರಿಗೆ ಬೀಳುತ್ತಿತ್ತು. ಈ ವೈಷಮ್ಯವನ್ನು ಹೋಗಲಾಡಿಸಲು ಸರಕು ಮತ್ತು ಸೇವಾ ತೆರಿಗೆಯ ಮಂಡಲಿಯು ೨೦೨೪ರ ಸೆಪ್ಟೆಂಬರಿನಲ್ಲಿ ಕಾರಿನ ಆಸನಕ್ಕೂ ೨೮ ಎಂದು ಗೊತ್ತುಮಾಡಿತು. ಸುಮಾರು ಒಂದು ವರ್ಷದ ಮೇಲೆ, ೨೦೨೫ರ ಸೆಪ್ಟೆಂಬರ್ ೨೨ರಿಂದ, ಮೋಟಾರು ಗಾಡಿಯ ಭಾಗಗಳಿಗೆಲ್ಲ ೧೮ ಎಂಬ ಏಕರೂಪವಾದ ದರವು ಜಾರಿಗೆ ಬಂದಿತು. ವರ್ಗೀಕರಣದ ಒಂದು ಸಂಶಯಕ್ಕಾಗಿ ಕಾರ್ಖಾನೆಗಳ ಲೆಕ್ಕವು ಹನ್ನೆರಡು ತಿಂಗಳೊಳಗೆ ಎರಡು ಸಲ ಬದಲಾಯಿತು.

ಮೂರನೆಯದು ತೊಗಲಿನ ಹೆಸರು. ಪ್ರಾಣಿಯ ಚರ್ಮವಲ್ಲದ ಪದಾರ್ಥವನ್ನು ಚರ್ಮವೆಂದು ಕರೆದು ಮಾರುವುದನ್ನು ಬ್ರೆಜಿಲ್ ದೇಶವು ೧೯೬೫ರಲ್ಲಿಯೇ ನಿಷೇಧಿಸಿತು. ಇಟಲಿಯು ೨೦೨೦ರಲ್ಲಿ ಮಾಡಿದ ಶಾಸನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೂರ್ವಪದವಾಗಿ ಆಗಲಿ ಉತ್ತರಪದವಾಗಿ ಆಗಲಿ ಸಮಾಸದಲ್ಲಿಯೂ ಆ ಶಬ್ದವನ್ನು ಸೇರಿಸಕೂಡದೆಂದು ವಿಧಿಸಿತು. ಸಮಾಸದ ಘಟಕಗಳ ಮೇಲೆ ರಾಜಶಾಸನವು ಹೊರಟ ಸಂದರ್ಭಗಳು ವಿರಳ! ಭಾರತದ ಪೇಟೆಯಲ್ಲಿ ಮಾತ್ರ ‘ಲೆದರೆಟ್’, ‘ವೀಗನ್ ಲೆದರ್’ ಎಂಬ ಹೆಸರುಗಳು ನಿರಾತಂಕವಾಗಿ ಓಡಾಡುತ್ತಿವೆ. ಇವುಗಳಲ್ಲಿ ಹೆಚ್ಚಿನವು ಹಳೆಯ ರೆಕ್ಸಿನ್ನಿನ ಸಂತಾನವೆಂಬುದು ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಹೊಸ ಹೆಸರಿನಿಂದ ಬೆಲೆ ಏರುತ್ತದೆ. ಪದಾರ್ಥವು ಇದ್ದಲ್ಲಿಯೇ ಇರುತ್ತದೆ.

೫. ಪೇಟೆಯ ಮುನ್ನೋಟ: ಮೂರು ಬಗೆಯ ಅನುಮಾನ

ಮುಂದೆ ಬರಲಿರುವುದು ಪ್ರತ್ಯಕ್ಷಕ್ಕೆ ಗೋಚರವಲ್ಲ, ಅನುಮಾನಕ್ಕೇ ವಿಷಯ. ನ್ಯಾಯಸೂತ್ರದಲ್ಲಿ ಅನುಮಾನವು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟವೆಂದು ಮೂರು ಬಗೆಯಾಗಿ ಹೇಳಲ್ಪಟ್ಟಿದೆ. ವಾತ್ಸ್ಯಾಯನನ ಭಾಷ್ಯದಂತೆ, ಮೇಘವು ಏರಿದುದನ್ನು ಕಂಡು ಮಳೆ ಬರುವುದೆಂದು ಊಹಿಸುವುದು ಪೂರ್ವವತ್. ನದಿಯು ಉಕ್ಕಿದುದನ್ನು ಕಂಡು ಮಳೆ ಆಗಿದೆಯೆಂದು ತಿಳಿಯುವುದು ಶೇಷವತ್. ಒಂದೆಡೆ ಕಂಡ ಸಾಮಾನ್ಯಧರ್ಮವನ್ನು ಮತ್ತೊಂದೆಡೆಗೆ ಒಯ್ಯುವುದು ಸಾಮಾನ್ಯತೋದೃಷ್ಟ. ವಾಣಿಜ್ಯಸಂಸ್ಥೆಗಳು ಮಾರುವ ಮುನ್ನೋಟದ ವರದಿಗಳಲ್ಲಿ, ಇಷ್ಟು ವರ್ಷ ಹೀಗೆ ಬೆಳೆಯಿತು, ಆದುದರಿಂದ ಮುಂದೆಯೂ ವರ್ಷಕ್ಕೆ ಇಷ್ಟರಂತೆಯೇ ಬೆಳೆಯುವುದೆಂದು ಹೇಳಿರುತ್ತದೆ. ಇದು ಮೂರನೆಯ ಬಗೆಯದು. ಕಾರಣವನ್ನು ತೋರಿಸದೆ ಗತಿಯನ್ನು ಮಾತ್ರ ತೋರಿಸುವುದರಿಂದ ಮೂರರಲ್ಲಿಯೂ ದುರ್ಬಲವಾದುದು. ಮೊದಲನೆಯ ಎರಡನ್ನು ಇಲ್ಲಿ ಪರೀಕ್ಷಿಸುವುದು ಯುಕ್ತ.

ಶೇಷವತ್ತಿಗೆ ಆಧಾರವಾಗುವ ಅಂಕಿಗಳು ದೊಡ್ಡವು. ಭಾರತೀಯ ಮೋಟಾರು ತಯಾರಕರ ಸಂಘದ ಲೆಕ್ಕದಂತೆ, ದೇಶದೊಳಗಿನ ಪ್ರಯಾಣಿಕ ಗಾಡಿಗಳ ಮಾರಾಟವು ೨೦೨೦-೨೧ರಲ್ಲಿ ಸುಮಾರು ೨೭ ಲಕ್ಷ, ೨೦೨೩-೨೪ರಲ್ಲಿ ೪೨ ಲಕ್ಷಕ್ಕೂ ಮೇಲೆ, ೨೦೨೪-೨೫ರಲ್ಲಿ ೪೩ ಲಕ್ಷ. ೨೦೨೨ರಲ್ಲಿ ಭಾರತವು ಜಪಾನನ್ನು ಹಿಂದಕ್ಕೆ ಹಾಕಿ ಪ್ರಪಂಚದ ಮೂರನೆಯ ದೊಡ್ಡ ಪೇಟೆಯಾಯಿತು. ಮೋಟಾರು ಭಾಗಗಳ ತಯಾರಕರ ಸಂಘವು ತನ್ನ ಉದ್ಯಮದ ೨೦೨೪-೨೫ನೆಯ ವರ್ಷದ ವಹಿವಾಟನ್ನು ೬.೭೩ ಲಕ್ಷ ಕೋಟಿ ರೂಪಾಯಿಗಳೆಂದು ಪ್ರಕಟಿಸಿದೆ. ನದಿಯು ಉಕ್ಕಿದೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ನ್ಯಾಯಸೂತ್ರಕಾರನು ಇಲ್ಲಿಯೇ ಒಂದು ಆಕ್ಷೇಪವನ್ನು ಎತ್ತಿ ಪರಿಹರಿಸಿದ್ದಾನೆ. ಮಳೆಯಿಲ್ಲದೆಯೂ ಕೆಳಗಡೆ ಅಡ್ಡಗಟ್ಟಿದರೆ ನದಿಯು ತುಂಬಬಹುದಲ್ಲವೆ ಎಂಬುದು ಆಕ್ಷೇಪ. ಮಳೆಯ ನೆರೆಗೆ ವೇಗ, ನೊರೆ, ತೇಲಿಬರುವ ಎಲೆಕಡ್ಡಿ ಮುಂತಾದ ಬೇರೆ ಲಕ್ಷಣಗಳುಂಟು, ಅವನ್ನೂ ನೋಡಬೇಕು ಎಂಬುದು ಪರಿಹಾರ. ಮೇಲೆ ಹೇಳಿದ ಮಾರಾಟದ ಅಂಕಿಗಳು ಕಾರ್ಖಾನೆಯಿಂದ ವಿಕ್ರಯಗಾರರಿಗೆ ಹೊರಟ ಗಾಡಿಗಳವು. ಜನರು ಕೊಂಡು ನೋಂದಣಿ ಮಾಡಿಸಿದವುಗಳ ಲೆಕ್ಕ ಬೇರೆ. ೨೦೨೪ರ ಮಳೆಗಾಲದಲ್ಲಿ ವಿಕ್ರಯಗಾರರ ಅಂಗಳದಲ್ಲಿ ಎಪ್ಪತ್ತು ದಿನಗಳ ಮಾರಾಟಕ್ಕೂ ಮೀರಿದ ಗಾಡಿಗಳು ನಿಂತಿದ್ದುವೆಂದು ಅವರ ಸಂಘವು ದೂರಿತು. ಇದು ಅಡ್ಡಗಟ್ಟಿದ ನದಿ. ಒಳಹೊದಿಕೆಯ ಕಾರ್ಖಾನೆಯವನು ಹೊರಟ ಗಾಡಿಗಳ ಅಂಕಿಯೊಂದನ್ನೇ ನಂಬಿ ಅಚ್ಚುಗಳಿಗೆ ಹಣವನ್ನು ಹೂಡಿದರೆ ಮೋಸಹೋಗುತ್ತಾನೆ. ನೋಂದಣಿಯ ಅಂಕಿಯೂ ಅದರೊಡನೆ ಏರುತ್ತಿದ್ದರೆ ಮಾತ್ರ ನೆರೆಯು ಮಳೆಯದು.

ಇನ್ನು ಪೂರ್ವವತ್ತು. ಮೇಘಗಳಂತೆ ಏರುತ್ತಿರುವ ಕಾರಣಗಳನ್ನು ನಾಲ್ಕಾಗಿ ಗುರುತಿಸಬಹುದು.

ಒಂದನೆಯದು ಗಾಡಿಯ ಜಾತಿಯ ಬದಲಾವಣೆ. ೨೦೨೪-೨೫ರಲ್ಲಿ ಭಾರತದಲ್ಲಿ ಮಾರಿದ ಪ್ರಯಾಣಿಕ ಗಾಡಿಗಳಲ್ಲಿ ನೂರಕ್ಕೆ ಸುಮಾರು ೬೫ ಪಾಲು ಎತ್ತರವಾದ ಬಹೂಪಯೋಗಿ ಗಾಡಿಗಳು. ಇವುಗಳಲ್ಲಿ ಒಳಮೈಯ ವಿಸ್ತಾರ ಹೆಚ್ಚು, ಹಲವು ಗಾಡಿಗಳಲ್ಲಿ ಆಸನಗಳ ಸಾಲು ಮೂರು. ಗಾಡಿಗಳ ಸಂಖ್ಯೆ ನಿಂತಲ್ಲಿಯೇ ನಿಂತರೂ ಹೊದಿಕೆಯ ಬಳಕೆ ಬೆಳೆಯುತ್ತದೆ. ಸಣ್ಣ ಗಾಡಿಗಳ ತೆರಿಗೆಯು ೨೦೨೫ರಲ್ಲಿ ೨೮ರಿಂದ ೧೮ಕ್ಕೆ ಇಳಿದಿರುವುದರಿಂದ ಈ ಪ್ರಮಾಣವು ಸ್ವಲ್ಪ ಹಿಂದಕ್ಕೆ ತಿರುಗಬಹುದೆಂಬುದನ್ನೂ ಮರೆಯಬಾರದು.

ಎರಡನೆಯದು ವಿದ್ಯುತ್ತಿನ ಗಾಡಿ. ಯಂತ್ರದ ಸದ್ದು ಅಡಗಿದ ಮೇಲೆ ಹಲಗೆಗಳ ಕಿರುಗುಟ್ಟುವಿಕೆ ಕಿವಿಗೆ ಬೀಳತೊಡಗುತ್ತದೆ. ಜೋಡಣೆಯು ಬಿಗಿಯಾಗಬೇಕು, ಸದ್ದನ್ನು ನುಂಗುವ ಪದರ ಬೇಕು. ಬ್ಯಾಟರಿಯ ಭಾರವನ್ನು ಸರಿದೂಗಿಸಲು ಹೊದಿಕೆಯು ಹಗುರವಾಗಲೂ ಬೇಕು. ಚಳಿಯ ದೇಶಗಳಲ್ಲಿ ಇಡೀ ಒಳಾಂಗಣವನ್ನು ಕಾಯಿಸುವುದಕ್ಕಿಂತ ಆಸನವನ್ನು ಮಾತ್ರ ಕಾಯಿಸಿದರೆ ವಿದ್ಯುತ್ತು ಉಳಿಯುತ್ತದೆ; ಸೆಖೆಯ ಭಾರತದಲ್ಲಿ ಗಾಳಿಯಾಡುವ ಆಸನಕ್ಕೆ ಬೇಡಿಕೆ ಹೆಚ್ಚು. ಹೊದಿಕೆಯೊಳಗೆ ತಂತಿ, ಬೀಸಣಿಗೆ, ದೀಪಗಳು ಸೇರುತ್ತಿರುವುದರಿಂದ ಅದು ಬಟ್ಟೆಯ ಕೆಲಸವಾಗಿ ಉಳಿಯದೆ ಯಂತ್ರದ ಕೆಲಸವಾಗುತ್ತಿದೆ.

ಮೂರನೆಯದು ತೊಗಲಿನ ವಿಷಯದಲ್ಲಿ ಹುಟ್ಟಿರುವ ಅರುಚಿ. ತನ್ನ ವಿದ್ಯುತ್ ಗಾಡಿಗಳಲ್ಲಿ ತೊಗಲನ್ನು ಬಳಸುವುದಿಲ್ಲವೆಂದು ಸ್ವೀಡನ್ನಿನ ವೋಲ್ವೋ ಸಂಸ್ಥೆಯು ೨೦೨೧ರಲ್ಲಿ ಸಾರಿತು. ಪ್ರಾಣಿದಯೆ, ಹಸುಗಳಿಗಾಗಿ ಕಾಡು ಕಡಿಯುವುದರ ಹಾನಿ, ಹದಮಾಡುವಲ್ಲಿ ಬಳಸುವ ಕ್ರೋಮಿಯಮ್ಮಿನ ಕೊಳೆನೀರು ಎಂಬ ಮೂರೂ ಇದರ ಹಿಂದಿವೆ. ಆದರೆ ತೊಗಲಿನ ಸ್ಥಾನಕ್ಕೆ ಬರುವುದು ಹೆಚ್ಚಾಗಿ ಖನಿಜತೈಲದಿಂದ ಹುಟ್ಟಿದ ಪ್ಲಾಸ್ಟಿಕ್ಕು. ಒಂದು ದೋಷವನ್ನು ಬಿಟ್ಟು ಮತ್ತೊಂದನ್ನು ಹಿಡಿದಂತಾಗುವ ಸಂಭವವುಂಟು.

ನಾಲ್ಕನೆಯದು ಹಳೆಯ ಗಾಡಿಯ ಅಂತ್ಯಕ್ರಿಯೆ. ಹೊಸ ಗಾಡಿಯ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ ೨೫ ಪಾಲು ಮರುಬಳಕೆಯದಾಗಿರಬೇಕೆಂಬ ಪ್ರಸ್ತಾವವನ್ನು ಯೂರೋಪಿನ ಆಯೋಗವು ೨೦೨೩ರ ಜುಲೈಯಲ್ಲಿ ಮುಂದಿಟ್ಟಿತು. ಭಾರತದಲ್ಲಿ ಆಯುಸ್ಸು ಮುಗಿದ ವಾಹನಗಳ ನಿಯಮಗಳು ೨೦೨೫ರ ಏಪ್ರಿಲ್ ೧ರಿಂದ ಜಾರಿಗೆ ಬಂದಿವೆ. ತಯಾರಕನ ಹೊಣೆಯನ್ನು ಇವು ಉಕ್ಕಿನ ಲೆಕ್ಕದಲ್ಲಿ ಅಳೆಯುತ್ತವೆ. ಉಕ್ಕಿಗೆ ಗುಜರಿಯಲ್ಲಿ ಬೆಲೆಯಿದೆ. ನೊರೆ, ಬಟ್ಟೆ, ಅಂಟು ಮೂರೂ ಬೇರ್ಪಡಿಸಲಾಗದಂತೆ ಕೂಡಿಕೊಂಡ ಗಾದಿಗೆ ಇಲ್ಲ. ಬಿಚ್ಚಲು ಬರುವಂತೆ ಹೊದಿಸುವ ವಿದ್ಯೆಯನ್ನು ಯಾರು ಮೊದಲು ಸಾಧಿಸುವರೋ ಮುಂದಿನ ಪೇಟೆಯು ಅವರದಾಗುವ ಸಂಭವ ಹೆಚ್ಚು.

೬. ನಾರು ಮತ್ತು ಕನ್ನಡ ನಾಡು

ಪ್ಲಾಸ್ಟಿಕ್ಕಿಗೆ ಬಲವನ್ನು ಕೊಡಲು ಗಾಜಿನ ಎಳೆಗಳಿಗೆ ಬದಲಾಗಿ ಗಿಡದ ನಾರನ್ನು ಬೆರೆಸುವ ಪದ್ಧತಿಯು ೧೯೯೦ರ ದಶಕದಿಂದ ಯೂರೋಪಿನಲ್ಲಿ ಬೆಳೆಯಿತು. ಅಗಸೆ, ಕತ್ತಾಳೆ, ಸೆಣಬುಗಳ ನಾರನ್ನು ಪಾಲಿಪ್ರೊಪಿಲೀನಿನ ಎಳೆಯೊಡನೆ ಕಲಸಿ, ಚಾಪೆಯಂತೆ ಮಾಡಿ, ಕಾಯಿಸಿ ಒತ್ತಿದರೆ ಬಾಗಿಲ ಹಲಗೆಯ ಒಡಲು ಸಿದ್ಧವಾಗುತ್ತದೆ. ಗಾಜಿನ ಎಳೆಗಿಂತ ಇದು ಬಹಳ ಹಗುರ. ಒಡೆದಾಗ ಚೂಪಾದ ಚೂರುಗಳಾಗುವುದಿಲ್ಲ. ತೇವವನ್ನು ಹೀರುವುದು, ವಾಸನೆ ಬೀರುವುದು, ವರ್ಷದಿಂದ ವರ್ಷಕ್ಕೆ ಬೆಳೆಯ ಗುಣ ಬದಲಾಗುವುದು ಇದರ ದೋಷಗಳು. ಅತಿಯಾಗಿ ಕಾಯಿಸಿದರೆ ನಾರು ಕರಿಯುವುದರಿಂದ ಶಾಖವನ್ನು ಹದವರಿತು ಕೊಡಬೇಕು. ಬ್ರೆಜಿಲ್ಲಿನಲ್ಲಿ ತೆಂಗಿನ ನಾರಿಗೆ ರಬ್ಬರಿನ ಹಾಲನ್ನು ಸೇರಿಸಿ ಮರ್ಸಿಡಿಸ್ ಗಾಡಿಗಳ ತಲೆಯೊರಗುಗಳನ್ನು ತಯಾರಿಸಿದರು. ಜಪಾನಿನಲ್ಲಿ ೨೦೦೦ದ ಸುಮಾರಿನಿಂದ ಟೊಯೋಟಾ ಗಾಡಿಗಳ ಬಾಗಿಲ ಹಲಗೆಗೆ ‘ಕೆನಾಫ್’ ಎಂಬ ನಾರು ಬಳಕೆಗೆ ಬಂದಿತು.

ಈ ಕೆನಾಫ್ ಯಾವುದು? ಸಸ್ಯಶಾಸ್ತ್ರಜ್ಞರು ಹಿಬಿಸ್ಕಸ್ ಕ್ಯಾನಬಿನಸ್ ಎಂದು ಕರೆಯುವ ಗಿಡ. ಇಂಗ್ಲಿಷ್ ವ್ಯಾಪಾರಿಗಳು ಇದನ್ನೇ ‘ಡೆಕ್ಕನ್ ಹೆಂಪ್’ ಎಂದೂ ‘ಬಿಮ್ಲಿ ಜೂಟ್’ ಎಂದೂ ಕರೆದರು. ಇದು ಹೆಂಪೂ ಅಲ್ಲ, ಜೂಟೂ ಅಲ್ಲ. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಉಣ್ಣುವ ಹುಳಿಯಾದ ಪುಂಡಿಪಲ್ಯದ ಪುಂಡಿಯೇ ಇದು. ಎಲೆಯನ್ನು ಪಲ್ಯಕ್ಕೆ ಕಿತ್ತ ಮೇಲೆ ಕಾಂಡವನ್ನು ನೀರಿನಲ್ಲಿ ನೆನೆಹಾಕಿ, ನಾರು ಬಿಡಿಸಿ, ಹಗ್ಗ ಹೊಸೆಯುವುದು ಒಕ್ಕಲಿಗರ ಹಳೆಯ ರೂಢಿ. ಹೊರದೇಶದ ಪಟ್ಟಿಯಲ್ಲಿ ಕೆನಾಫ್, ಸರಕಾರದ ಕಾಗದಗಳಲ್ಲಿ ಮೆಸ್ತಾ, ಹೊಲದಲ್ಲಿ ಪುಂಡಿ: ಒಂದೇ ವಸ್ತುವಿಗೆ ಮೂರು ಹೆಸರುಗಳಿದ್ದು, ಒಂದನ್ನು ಬಲ್ಲವನಿಗೆ ಉಳಿದೆರಡು ತಿಳಿಯದಿದ್ದರೆ ಆಗುವ ನಷ್ಟವು ಕೋಶದೊಳಗೆ ನಿಲ್ಲುವುದಿಲ್ಲ, ಬೆಳೆದವನ ಕೈಗೆ ಬರಬೇಕಾದ ಬೆಲೆಯನ್ನೂ ಮುಟ್ಟುತ್ತದೆ. ಪರ್ಯಾಯಪದಗಳನ್ನು ಒಂದೆಡೆ ಸೇರಿಸುವ ಅಮರಸಿಂಹನ ಕೆಲಸಕ್ಕೆ ಈ ಕ್ಷೇತ್ರದಲ್ಲಿ ಇನ್ನೂ ಅವಕಾಶವಿದೆ.

ತುಮಕೂರು, ಹಾಸನ, ಚಿತ್ರದುರ್ಗ, ಮಂಡ್ಯ ಜಿಲ್ಲೆಗಳ ತೆಂಗಿನ ನಾರಿಗೂ ಇದೇ ಮಾತು ಸಲ್ಲುತ್ತದೆ. ರಬ್ಬರು ಲೇಪಿಸಿದ ತೆಂಗಿನ ನಾರು ಹಿಂದೆ ಗಾಡಿಯ ಗಾದಿಗಳಲ್ಲಿಯೂ ಇರುತ್ತಿತ್ತು. ನೊರೆಯು ಅದನ್ನು ಹಾಸಿಗೆಯ ಅಂಗಡಿಗೆ ತಳ್ಳಿತು. ಮರುಬಳಕೆಯ ನಿಯಮಗಳು ಬಿಗಿಯಾದಂತೆ ಅದು ಹಿಂದಿರುಗುವ ದಾರಿ ತೆರೆಯಬಹುದು. ಆದರೆ ಕಾರ್ಖಾನೆಗೆ ಬೇಕಾದುದು ವರ್ಷವಿಡೀ ಒಂದೇ ಗುಣದ, ಅಳತೆಗೆ ಸರಿಯಾದ, ಪರೀಕ್ಷೆಯಲ್ಲಿ ತೇರ್ಗಡೆಯಾದ ನಾರು. ನಾರು ಬಿಡಿಸುವ ಕ್ರಮವು ಸುಧಾರಿಸದೆ ಹೊಲಕ್ಕೂ ಕಾರ್ಖಾನೆಗೂ ಸಂಬಂಧವು ಕೂಡಲಾರದು.

ಈ ಸಂಬಂಧವು ಕೂಡುವುದಕ್ಕೆ ಸ್ಥಳವು ದೂರವಿಲ್ಲ. ಬಿಡದಿಯಲ್ಲಿ ೧೯೯೯ರ ಕೊನೆಯಿಂದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು ಗಾಡಿಗಳನ್ನು ತಯಾರಿಸುತ್ತಿದೆ. ಆಸನ ಮತ್ತು ಒಳಹೊದಿಕೆಗಳನ್ನು ಮಾಡುವ ಟೊಯೋಟಾ ಬೋಷೋಕು ಸಂಸ್ಥೆಯೂ ಅಲ್ಲಿಯೇ ಇದೆ. ಜಪಾನೀ ಭಾಷೆಯಲ್ಲಿ ‘ಬೋಷೋಕು’ ಎಂದರೆ ನೂಲುವುದು ಮತ್ತು ನೇಯುವುದು. ಸಕಿಚಿ ಟೊಯೋಡಾ ೧೯೧೮ರಲ್ಲಿ ನೂಲು ನೇಯ್ಗೆಗಾಗಿ ಸ್ಥಾಪಿಸಿದ ಸಂಸ್ಥೆಯೇ ಕಾಲಕ್ರಮದಲ್ಲಿ ಗಾಡಿಯ ಒಳಾಂಗಣಕ್ಕೆ ಬಂದು ಸೇರಿತು. ಮಗ್ಗದಿಂದ ರಥದ ವರೆಗಿನ ದಾರಿಯು ಆ ಒಂದು ಹೆಸರಿನಲ್ಲಿ ಅಡಕವಾಗಿದೆ.

೭. ಕಸುಬಿನವರು

ಪೇಟೆಯು ಬೆಳೆಯುವುದೆಂದರೆ ಅದರಲ್ಲಿರುವವರೆಲ್ಲರೂ ಬೆಳೆಯುವರೆಂದು ಅರ್ಥವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗಾಡಿಯ ಸೀಟಿಗೆ ಗವಸು ಹೊಲಿಯುವ, ಹಾಸು ಕತ್ತರಿಸುವ, ಮೇಲ್ಕಟ್ಟನ್ನು ಬದಲಾಯಿಸುವ ಕುಶಲಿಗಳ ಅಂಗಡಿಗಳುಂಟು. ಅಳತೆಯನ್ನು ಕಣ್ಣಿನಿಂದಲೇ ತೆಗೆದು, ತೊಗಲಿನ ಎಳೆತವನ್ನು ಬೆರಳಿನಿಂದಲೇ ಅರಿತು ಹೊಲಿಯುವ ಈ ವಿದ್ಯೆಯು ಗ್ರಂಥಸ್ಥವಾದುದಲ್ಲ, ಗುರುಶಿಷ್ಯಕ್ರಮದಿಂದ ಬಂದುದು. ಕಾರ್ಖಾನೆಯು ಬಟ್ಟೆಯ ಗಾದಿಯನ್ನು ಕೊಟ್ಟಾಗ ಮೇಲೆ ಗವಸು ಹೊಲಿಸುವುದು ಗಿರಾಕಿಯ ವಾಡಿಕೆಯಾಗಿತ್ತು. ಈಗ ಎರಡು ಕಡೆಗಳಿಂದ ಅದಕ್ಕೆ ಒತ್ತು ಬಿದ್ದಿದೆ. ತೊಗಲಿನಂತೆ ಕಾಣುವ ಹೊದಿಕೆಯನ್ನು ಕಾರ್ಖಾನೆಯೇ ಮಧ್ಯಮ ದರ್ಜೆಯ ಗಾಡಿಗಳಲ್ಲಿ ಕೊಡತೊಡಗಿದೆ. ಮತ್ತು, ೨೦೨೩ರ ಅಕ್ಟೋಬರಿನಿಂದ ಭಾರತದಲ್ಲಿ ಗಾಡಿಗಳಿಗೆ ನಕ್ಷತ್ರಗಳ ಮೂಲಕ ಸುರಕ್ಷತೆಯ ಶ್ರೇಣಿಯನ್ನು ಕೊಡುವ ಪರೀಕ್ಷೆ ಆರಂಭವಾದ ಮೇಲೆ, ಆಸನದ ಪಕ್ಕದಲ್ಲಿಯೇ ಗಾಳಿಚೀಲವನ್ನು ಅಡಗಿಸಿದ ಗಾಡಿಗಳು ಹೆಚ್ಚುತ್ತಿವೆ. ಅಂಥ ಆಸನಕ್ಕೆ ಸುತ್ತಲೂ ಬಿಗಿಯಾಗಿ ಗವಸು ಹೊಲಿದರೆ ಚೀಲವು ಹೊರಬರದೆ ಪ್ರಾಣಕ್ಕೇ ಅಪಾಯ. ‘ಪರಿವೃತ’ವಾಗಿರುವುದೇ ಒಂದು ಕಾಲಕ್ಕೆ ರಥದ ಲಕ್ಷಣವಾಗಿತ್ತು; ಈಗ ಎಲ್ಲಿ ಆವರಿಸದೆ ಬಿಡಬೇಕೆಂಬುದೂ ಲಕ್ಷಣದೊಳಗೆ ಸೇರಿದೆ.

ಚೀಲದ ಸ್ಥಾನವನ್ನರಿತು, ಅಲ್ಲಿ ಸುಲಭವಾಗಿ ಬಿರಿಯುವ ಹೊಲಿಗೆಯನ್ನು ಹಾಕುವ ಶಿಕ್ಷಣವು ಈ ಕುಶಲಿಗಳಿಗೆ ದೊರೆತರೆ ಕಸುಬು ಉಳಿಯುತ್ತದೆ. ದೊರೆಯದಿದ್ದರೆ ಕಸುಬೂ ಹೋಗುತ್ತದೆ, ಅದು ಹೋಗುವುದರೊಳಗೆ ಕೆಲವು ಪ್ರಾಣಗಳೂ ಹೋಗಬಹುದು. ಆ ಶಿಕ್ಷಣವು ಅವರು ಆಡುವ ಕನ್ನಡ, ಉರ್ದು, ತಮಿಳುಗಳಲ್ಲಿಯೇ ನಡೆಯಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾದುದಿಲ್ಲ.

೮. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವ ಅಂಶಗಳಿವು. ಒಳಹೊದಿಕೆಯ ಪೇಟೆಯು ಮುಂದಿನ ಕೆಲವು ವರ್ಷ ಭಾರತದಲ್ಲಿ ಬೆಳೆಯುವುದಕ್ಕೆ ಬಲವಾದ ಹೇತುಗಳಿವೆ. ಆದರೆ ಹೊರಟ ಗಾಡಿಗಳ ಸಂಖ್ಯೆಯೊಂದೇ ಅದಕ್ಕೆ ಲಿಂಗವಾಗಲಾರದು. ತೊಗಲಿನ ಪಾಲು ಕುಗ್ಗಿ ಕೃತಕ ಹೊದಿಕೆಗಳ ಪಾಲು ಹಿಗ್ಗುವುದು ಸಂಭವ. ಮರುಬಳಕೆಯ ಕಟ್ಟುಪಾಡುಗಳು ಬಿಗಿಯಾದಷ್ಟೂ ನಾರಿನ ಬೆಲೆಯು ಏರಬಹುದು. ಆ ಲಾಭವು ಪುಂಡಿಯನ್ನೂ ತೆಂಗನ್ನೂ ಬೆಳೆವವರಿಗೆ ಮುಟ್ಟುವುದೆ ಇಲ್ಲವೆ ಎಂಬುದು ನಾರು ಬಿಡಿಸುವ ಕ್ರಮದ ಮೇಲೂ ಹೆಸರುಗಳ ಪರಿಚಯದ ಮೇಲೂ ನಿಂತಿದೆ. ವಸ್ತುವಿನ ಹೆಸರು ಸುಂಕವನ್ನೂ ಬೆಲೆಯನ್ನೂ ನಿರ್ಣಯಿಸುವ ಈ ಕಾಲದಲ್ಲಿ ಶಬ್ದಾರ್ಥನಿರ್ಣಯವು ಪಾಠಶಾಲೆಯ ಗೋಡೆಯೊಳಗಿನ ಕೆಲಸವಾಗಿ ಉಳಿದಿಲ್ಲ. ಹಾಸು, ಒರಗು, ಗವಸು, ಮೇಲ್ಕಟ್ಟು, ಒಳಹಲಗೆ ಎಂಬ ತಿಳಿಗನ್ನಡದ ಮಾತುಗಳು ಈ ಉದ್ಯಮದ ಪರಿಭಾಷೆಗೆ ಸಾಲುವಷ್ಟಿವೆ. ಅವನ್ನು ಒಂದು ಪಟ್ಟಿಯಲ್ಲಿ ಕ್ರಮಪಡಿಸಿ, ಪ್ರತಿಯೊಂದಕ್ಕೂ ವ್ಯಾಪಾರದ ಹೆಸರನ್ನೂ ಸಸ್ಯ ಅಥವಾ ರಸಾಯನದ ಹೆಸರನ್ನೂ ಎದುರಿಗೆ ಬರೆದಿಡುವುದು ಭಾಷಾಶಾಸ್ತ್ರವನ್ನು ಬಲ್ಲವರು ಕೈಗೊಳ್ಳತಕ್ಕ ಕಾರ್ಯ.